ಹುಲ್ಡಾ ಹುಟ್ಟಿದ ದಿನ

ಹೇಳಬೇಕೋ ಬೇಡವೋ ಎನ್ನುವ ಒಂದೇ ಯೋಚನೆ ಹನ್ನೊಂದು ದಿನದಿಂದ ರೆಗೀನಾಳ ತಲೆ ಕೊರೆಯುತ್ತಿತ್ತು. ಹಾಲು ಕಾಯಿಸುವಾಗ ಅದೇ, ಮಗುವಿನ ಬಟ್ಟೆ ಹಿಂಡುವಾಗ ಅದೇ. ಒಂಬತ್ತು ತಿಂಗಳ ಮಗಳು ನಿದ್ದೆಯಲ್ಲಿ ಸ್ವಲ್ಪ ಹೊತ್ತು ಮಿಸುಕಾಡದಿದ್ದರೆ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವಾಗಲೂ ಅದೇ. ಅಡುಗೆಮನೆ ಮೇಜಿನ ಖಾನೆಯಲ್ಲಿ, ಚಮಚದ ತಟ್ಟೆಯ ಅಡಿಯಲ್ಲಿ, ಕಂದು ಲಕೋಟೆಯೊಳಗೆ ಮೂರು ಕಾಗದಗಳಿದ್ದವು. ಅದರಲ್ಲಿರುವುದನ್ನು ಹೇಳಿದರೆ, ಎದೆನೋವಿಗೆ ದಿನಕ್ಕೆ ಮೂರು ಮಾತ್ರೆ ನುಂಗುವ ಓಮಾ ತಡೆದುಕೊಂಡಾಳೆ? ಹೇಳದೆ ಸುಮ್ಮನಿದ್ದರೆ ಬರುವ ಭಾನುವಾರ ಏನಾಗುತ್ತದೆ?

"ನಿನ್ನ ಫೋನು ಹೊಡ್ಕೋತಾ ಇದೆ ನೋಡೇ," ಎಂದು ಅತ್ತೆ ಜಿನೈದಾ ಕೋಣೆಯಿಂದ ಕೂಗಿದರು. "ನಿಮ್ಮಜ್ಜಿ. ಇವತ್ತಿಗೆ ಎರಡನೇ ಸಲ."

"ಮಗು ಮಲಗಿದೆಯಮ್ಮ, ಆಮೇಲೆ ಮಾಡ್ತೀನಿ."

"ಮಗು ಇಲ್ಲಿ ನನ್ನ ಕನ್ನಡಕ ಕಚ್ಕೊಂಡು ಕೂತಿದೆ. ಮಲಗಿರೋದು ಯಾವ ಮಗು? ನಮಗೆ ಹೇಳ್ದೆ ಇನ್ನೊಂದು ಹೆತ್ತಿದ್ದೀಯಾ?"

ಫೋನು ತಾನಾಗಿ ಸುಮ್ಮನಾಯಿತು.

ಓಮಾ ಅಂದರೆ ಜರ್ಮನ್ ಮಾತಿನಲ್ಲಿ ಅಜ್ಜಿ. ಇವಳು ರೆಗೀನಾಳ ತಾಯಿಯ ತಾಯಿ, ಅಮಾಲಿಯಾ ಕ್ನಿಪ್ಪೆಲ್. ಸೈಬೀರಿಯಾದಲ್ಲಿ, ಓಮ್ಸ್ಕ್ ಪಟ್ಟಣದಿಂದ ಬಸ್ಸಿನಲ್ಲಿ ಎರಡು ಗಂಟೆ ದೂರದ ಹಳ್ಳಿಯಲ್ಲಿ ಒಂದು ದನ, ಏಳು ಕೋಳಿ ಸಾಕಿಕೊಂಡಿದ್ದಾಳೆ. ರೆಗೀನಾಗೆ ನಾಲ್ಕು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಅಲ್ಲಿಂದ ಓದಲು ಪಟ್ಟಣಕ್ಕೆ ಹೊರಡುವವರೆಗೂ ಅವಳನ್ನು ಸಾಕಿದವಳು ಓಮಾ. ಅದಕ್ಕೇ ಮಗಳು ಹುಟ್ಟಿದಾಗ ರೆಗೀನಾ ಎರಡನೇ ಯೋಚನೆ ಮಾಡದೆ ಓಮಾಳ ಹೆಸರನ್ನೇ ಇಟ್ಟಳು. ಅಮಾಲಿಯಾ. ಮನೆಯಲ್ಲಿ ಮಾಲಿ.

ರೆಗೀನಾ ಈಗಿರುವುದು ವೋಲ್ಗಾ ನದಿಯ ಎಡದಂಡೆಯ ಎಂಗೆಲ್ಸ್ ಪಟ್ಟಣದಲ್ಲಿ. ಅವಳ ಕಸುಬು ಬೇರೆಯವರ ಹಿರಿಯರನ್ನು ಹುಡುಕಿಕೊಡುವುದು. ಅರ್ಜೆಂಟೀನಾದಿಂದ, ಅಮೆರಿಕದ ಕನ್ಸಾಸಿನಿಂದ, ಜರ್ಮನಿಯಿಂದಲೇ ಜನ ಬರೆಯುತ್ತಾರೆ. ನಮ್ಮ ಮುತ್ತಜ್ಜನ ಮುತ್ತಜ್ಜನ ಊರು ವೋಲ್ಗಾ ದಂಡೆಯ ಜರ್ಮನರ ಹಳ್ಳಿಯಂತೆ, ಹೆಸರು ಯೋಹಾನ್ ಅಂತೆ, ಒಂದು ಕಾಲು ಕುಂಟಂತೆ, ಇಷ್ಟೇ ಗೊತ್ತಿರುವುದು, ಇನ್ನೂರೈವತ್ತು ವರ್ಷದ ಕೆಳಗೆ ರಷ್ಯದ ರಾಣಿ ಬೇಸಾಯಕ್ಕೆ ಕರೆದಳು ಅಂತ ಜರ್ಮನಿಯಿಂದ ಬಂದವರ ಪಟ್ಟಿಯಲ್ಲಿ ಇದ್ದಾನೇನು ನೋಡಿ. ರೆಗೀನಾ ದಾಖಲೆಮನೆಯ ಓದುಕೋಣೆಯಲ್ಲಿ ಕೂತು, ಹಳೆಯ ಚರ್ಚು ಪುಸ್ತಕಗಳ ಕೊಕ್ಕೆ ಅಕ್ಷರದ ಮೇಲೆ ಭೂತಗನ್ನಡಿ ಜಾರಿಸುತ್ತಾ, ಹುಟ್ಟು, ಮದುವೆ, ಸಾವು ಎಂದು ಎಳೆ ಹಿಡಿದು ಹಿಂದೆ ಹಿಂದೆ ಹೋಗುತ್ತಾಳೆ.

ಈ ಕೆಲಸದ ಮೊದಲ ಪಾಠ ಹೇಳಿಕೊಟ್ಟವರು ಓದುಕೋಣೆ ನೋಡಿಕೊಳ್ಳುವ ತಮಾರಾ ಎಲ್ವೋವ್ನಾ. "ನಿಮ್ಮ ಜನರದು ಒಂದು ವಾಡಿಕೆ ಇದೆ, ಗೊತ್ತಿರಲಿ," ಎಂದಿದ್ದರು. "ಮಗು ಸತ್ತರೆ ಅದೇ ಹೆಸರನ್ನ ಮುಂದಿನ ಮಗೂಗೆ ಇಡ್ತಾರೆ. ಒಂದೇ ಮನೇಲಿ ಮೂರು ಮೂರು ಮರ್ಗರೇಟಾ ಸಿಗ್ತಾರೆ. ಮೊದಲನೆಯವಳ ತಾರೀಖು ಎತ್ತಿ ಮೂರನೆಯವಳ ಮೊಮ್ಮಕ್ಕಳಿಗೆ ಕಳಿಸಿ ಮರ್ಯಾದೆ ಕಳ್ಕೋಬೇಡ. ಮೊದಲು ಸತ್ತವರ ಪುಸ್ತಕ ನೋಡು, ಆಮೇಲೆ ಹುಟ್ಟಿದವರದ್ದು."

ಹೀಗೆ ಊರವರ ಅಜ್ಜಂದಿರನ್ನೆಲ್ಲ ಹುಡುಕುತ್ತಿದ್ದವಳು ತನ್ನ ಮನೆಯವರ ಕಾಗದಕ್ಕೆ ಕೈಹಾಕಿರಲೇ ಇಲ್ಲ. ಹಾಕಿಸಿದವಳು ಓಮಾ. ಈ ಬೇಸಿಗೆಯಲ್ಲಿ ಒಂದು ದಿನ ಫೋನಿನಲ್ಲಿ ಹೇಳಿದಳು:

"ಪುಟ್ಟೀ, ನನ್ನ ಕಲ್ಲಿಗೆ ಹೇಳ್ಬಿಟ್ಟೆ."

"ಯಾವ ಕಲ್ಲು?"

"ಗೋರಿ ಕಲ್ಲು. ನಿಮ್ಮಜ್ಜ ರಾಬರ್ಟ್ ಪಕ್ಕ ಜಾಗ ಇದೆಯಲ್ಲ, ಅಲ್ಲಿಗೆ. ಈಗಲೇ ಕೆತ್ತಿಸಿಟ್ಟರೆ ನೀವ್ಯಾರೂ ಆಮೇಲೆ ಕಾಗುಣಿತ ತಪ್ಪಿಸಲ್ಲ. ಅದೇ ಕಲ್ಲಿನ ಮೇಲ್ಗಡೆ ನಮ್ಮ ಹುಲ್ಡಾಳ ಹೆಸರೂ ಹಾಕಿಸ್ಬೇಕು. ಪಾಪ, ಅದಕ್ಕೆ ಎಲ್ಲೂ ಒಂದು ಗುಡ್ಡೆ ಮಣ್ಣೂ ಇಲ್ಲ. ಕಲ್ಲಿನವನು ಹುಟ್ಟಿದ ದಿನ ಕೇಳ್ತಾನೆ, ನನಗೆ ಗೊತ್ತಿಲ್ಲ. ನೀನು ಹುಡುಕ್ಕೊಡು."

"ಸಾಯೋ ಮಾತು ಯಾಕೆ ಓಮಾ ಈಗ?"

"ಆಲೂಗಡ್ಡೆ ಕೀಳೋಕೆ ಮುಂಚೆ ಚೀಲ ಹೊಲ್ಕೊಳ್ಳಲ್ವಾ? ಹಾಗೇ ಅಂದ್ಕೋ."

ಹುಲ್ಡಾ ಓಮಾಳ ಅಕ್ಕ. ನಲವತ್ತೊಂದರ ಸೆಪ್ಟೆಂಬರಿನಲ್ಲಿ, ಜರ್ಮನಿಯ ಜೊತೆ ಯುದ್ಧ ಶುರುವಾಯಿತು ಅಂತ ಸರ್ಕಾರದವರು ವೋಲ್ಗಾ ದಂಡೆಯ ಜರ್ಮನ್ ಹಳ್ಳಿಗಳನ್ನೆಲ್ಲ ಬರಿದು ಮಾಡಿ, ಜನರನ್ನು ದನ ಸಾಗಿಸುವ ರೈಲು ಡಬ್ಬಿಗಳಿಗೆ ತುಂಬಿ ಪೂರ್ವಕ್ಕೆ ಕಳಿಸಿದರಲ್ಲ, ಆ ದಾರಿಯಲ್ಲಿ ಎರಡು ವರ್ಷದ ಹುಲ್ಡಾ ಸತ್ತಳು. ಆಗ ಒಂಬತ್ತು ತಿಂಗಳ ಕೂಸಾಗಿದ್ದ ಅಮಾಲಿಯಾ ಉಳಿದಳು. ಓಮಾ ಹೇಳುತ್ತಿದ್ದದ್ದು ಇಷ್ಟು. ಕ್ರಿಸ್‌ಮಸ್ ಕಾಯುವ ಅಡ್ವೆಂಟ್ ವಾರಗಳಿಗೆ ಮುಂಚಿನ ಕೊನೆಯ ಭಾನುವಾರ ಸತ್ತವರ ಭಾನುವಾರ. ಅವತ್ತು ಹಳ್ಳಿಯ ಪ್ರಾರ್ಥನೆಮನೆಯಲ್ಲಿ ಪಾದ್ರಿ ಹೆಸರು ಓದುತ್ತಾರೆ, ಮನೆಯವರು ಒಂದೊಂದು ಹೆಸರಿಗೆ ಒಂದೊಂದು ಮೇಣದಬತ್ತಿ ಹಚ್ಚುತ್ತಾರೆ. ಓಮಾ ಪ್ರತಿ ವರ್ಷ ಮೂರು ಹಚ್ಚುತ್ತಿದ್ದಳು. ತಾಯಿ ಪೌಲೀನಾಗೆ, ಗಂಡನಿಗೆ, ಹುಲ್ಡಾಗೆ. ರೆಗೀನಾಳ ತಾಯಿ ಹೋದ ಮೇಲೆ ನಾಲ್ಕು. ಹುಲ್ಡಾಳ ಬತ್ತಿ ಎಲ್ಲಕ್ಕಿಂತ ಚಿಕ್ಕದು, ಮಗು ಅಂತ.

ತಾಯಿ ಪೌಲೀನಾಳನ್ನು ನಲವತ್ತನಾಲ್ಕರ ಜನವರಿಯಲ್ಲಿ ಮರ ಕಡಿಯುವ ಕೆಲಸದ ಪಡೆಗೆ ಎಳೆದುಕೊಂಡು ಹೋದರು. ವಾಪಸು ಬರಲಿಲ್ಲ. ಕರು ಕಾಯುತ್ತಿದ್ದ ಮಾರ್ಫಾ ಎಂಬ ರಷ್ಯನ್ ವಿಧವೆ ಅಮಾಲಿಯಾಳನ್ನು ಮನೆಯಲ್ಲಿಟ್ಟುಕೊಂಡು ಸಾಕಿದಳು. ಶಾಲೆಗೆ ಸೇರಿಸಿದಾಗ ತರಗತಿಗೆಲ್ಲ ಎತ್ತರದವಳು ಇವಳೇ. ಹುಡುಗರು 'ಏಣಿ' ಅನ್ನುತ್ತಿದ್ದರಂತೆ. ಆಮೇಲೆ ಹಾಲಿನ ಕೊಟ್ಟಿಗೆ. ಮೂವತ್ತೆಂಟು ವರ್ಷ ಹಾಲು ಕರೆದು ಬೆರಳ ಗಂಟುಗಳು ಆಕ್ರೋಟಿನ ಹಾಗಾದವು. ಕೆಲಸ ಬಿಡುವ ವಯಸ್ಸಿಗೆ ಮುಂಚಿನ ಕೊನೆಯ ಎರಡು ಚಳಿಗಾಲ ಬಕೆಟ್ಟು ಎತ್ತಲಾಗದೆ ಅಳುತ್ತಿದ್ದಳು. ಆದರೂ ಕಾಗದದ ಪ್ರಕಾರ ವಯಸ್ಸು ತುಂಬಬೇಕಲ್ಲ, ತುಂಬುವವರೆಗೂ ಎತ್ತಿದಳು.

ಅವಳಿಗೊಂದು ನೆನಪಿತ್ತು. ಅದನ್ನು ಹೇಳಿದರೆ ಮನೆಯವರೆಲ್ಲ ನಗುತ್ತಿದ್ದರು. ಊರು ಬಿಟ್ಟ ದಿನ ಹಾಲು ಕರೆಯದೆ ಉಳಿದ ಕೆಂಪು ಹಸು ಬೇಲಿಯವರೆಗೂ ಬಂದು ಕೂಗಿತ್ತಂತೆ, ಕೆಚ್ಚಲಿಂದ ಹಾಲು ತೊಟ್ಟಿಕ್ಕುತ್ತಿತ್ತಂತೆ.

"ಒಂಬತ್ತು ತಿಂಗಳ ಕೂಸಿಗೆ ಹಸುವಿನ ಬಣ್ಣ ನೆನಪಿದೆ!" ಅನ್ನುತ್ತಿದ್ದ ರಾಬರ್ಟ್ ಅಜ್ಜ. "ನನ್ನ ಕೋಟು ಎಲ್ಲಿಟ್ಟೆ ಅಂತ ಕೇಳಿದ್ರೆ ಮಾತ್ರ ಗೊತ್ತಿಲ್ಲ."

ಇನ್ನೊಂದು ನೆನಪಿಗೆ ಯಾರೂ ನಗುತ್ತಿರಲಿಲ್ಲ. ತಾಯಿ ರೊಟ್ಟಿ ಚೂರು ಕೊಡುವ ಮುಂಚೆ, ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತಿದ್ದಳಂತೆ. ನಿನ್ನ ಹೆಸರೇನು? ಅಮಾಲಿಯಾ. ಹುಲ್ಡಾ ಎಲ್ಲಿ? ಹುಲ್ಡಾ ಸತ್ತುಹೋದಳು. ಆಮೇಲೆ ರೊಟ್ಟಿ. ಪ್ರತಿ ದಿನ, ಪ್ರತಿ ಚೂರಿಗೂ. "ಅಷ್ಟು ದುಃಖ ಇತ್ತು ನಮ್ಮಮ್ಮನಿಗೆ," ಎನ್ನುತ್ತಿದ್ದಳು ಓಮಾ. "ಹುಲ್ಡಾಳನ್ನ ಒಂದು ಹೊತ್ತೂ ಮರೆಯೋಕೆ ಆಗ್ತಿರಲಿಲ್ಲ."

ರೆಗೀನಾ ಮೂರು ಕಡೆಗೆ ಬರೆದಳು. ರಕ್ತಸಂಬಂಧ ತೋರಿಸುವ ಪತ್ರಗಳನ್ನು ಜೋಡಿಸಿದಳು. ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಕೊಡುವಾಗ ನೆಗಡಿಯಾದೀತು, ಕಿಟಕಿ ತೆಗೀಬೇಡಿ, ಸೇಬು ತುರಿದೇ ಕೊಡಿ ಎಂದು ಹತ್ತು ಸಲ ಹೇಳಿ, ಬಾಗಿಲವರೆಗೂ ಹೋಗಿ ತಿರುಗಿ ಬಂದು ಹನ್ನೊಂದನೇ ಸಲ ಹೇಳಿ, ಓದುಕೋಣೆಗೆ ಹೋಗಿ ಬಂದಳು. ನವೆಂಬರ್ ಹೊತ್ತಿಗೆ ಮೂರೂ ಉತ್ತರ ಬಂದವು. ಓದುಕೋಣೆಯಲ್ಲೇ ಕೂತು ಒಂದೊಂದಾಗಿ ತೆರೆದಳು.

ಮೊದಲನೆಯದು ನೊಯ್‌ಬ್ರುನ್ ಹಳ್ಳಿಯ ಹುಟ್ಟಿನ ಪುಸ್ತಕದ ನಕಲು. ಪೌಲೀನಾ ಗೆರ್ಲಿಂಗರ್‌ಗೆ ಇಬ್ಬರು ಹೆಣ್ಣುಮಕ್ಕಳು. ಹುಲ್ಡಾ, 1939ರ ಜೂನ್ ಆರು. ಅಮಾಲಿಯಾ, 1940ರ ಡಿಸೆಂಬರ್ ಹದಿನಾಲ್ಕು. ಸಿಕ್ಕಿತು! ಅಲ್ಲೇ ಫೋನು ಮಾಡಿ ಹೇಳಿಬಿಡೋಣ ಅನ್ನಿಸಿತು ಅವಳಿಗೆ. ಆದರೆ ಅಭ್ಯಾಸ ಬಿಡಲಿಲ್ಲ. ಸತ್ತವರನ್ನೂ ನೋಡಿಬಿಡಬೇಕು.

ಎರಡನೆಯದು ರೈಲಿನ ಪಟ್ಟಿ. ಹನ್ನೊಂದನೇ ಡಬ್ಬಿ. ಪೌಲೀನಾ, ಇಪ್ಪತ್ತಮೂರು ವರ್ಷ. ಹುಲ್ಡಾ, ಎರಡು ವರ್ಷ. ಅಮಾಲಿಯಾ, ಒಂಬತ್ತು ತಿಂಗಳು. ಕೊನೆಯ ಹೆಸರಿನ ಮೇಲೆ ನೇರಳೆ ಪೆನ್ಸಿಲಿನ ಗೆರೆ. ಪಕ್ಕದಲ್ಲಿ: 'ಸತ್ತಿದೆ. 97ನೇ ಹಳಿ ಕವಲಿನಲ್ಲಿ ಇಳಿಸಲಾಗಿದೆ.'

ಗುಮಾಸ್ತ ಸಾಲು ತಪ್ಪಿ ಗೆರೆ ಎಳೆದಿದ್ದಾನೆ ಎಂದುಕೊಂಡಳು ರೆಗೀನಾ. ಅಂಥ ತಪ್ಪು ಬೇಕಾದಷ್ಟು ನೋಡಿದ್ದಳು. ಮೂರನೆಯ ಕಾಗದ ತೆಗೆದಳು. ಅದು ಸೈಬೀರಿಯಾದ ಠಾಣೆಯಲ್ಲಿ ಪೌಲೀನಾ ಸಹಿ ಮಾಡಿದ ಹೇಳಿಕೆ. 1942ರ ಅಕ್ಟೋಬರ್. 'ನನಗಿರುವುದು ಒಬ್ಬಳೇ ಮಗಳು, ಅಮಾಲಿಯಾ, ವಯಸ್ಸು ಒಂದು ವರ್ಷ ಹತ್ತು ತಿಂಗಳು. ದೊಡ್ಡ ಮಗಳು ಹುಲ್ಡಾ ದಾರಿಯಲ್ಲಿ ಸತ್ತಳು.' ಅದರ ಕೆಳಗೆ ಬೇರೆ ಶಾಯಿಯಲ್ಲಿ, 1944ರ ಜನವರಿ: 'ಮಗುವಿಗೆ ಮೂರು ತುಂಬಿದೆ. ತಾಯಿಯನ್ನು ಕೆಲಸದ ಪಡೆಗೆ ಕಳಿಸಲಾಗಿದೆ.'

"ತಮಾರಾ ಎಲ್ವೋವ್ನಾ," ಎಂದಳು ರೆಗೀನಾ. "ನಲವತ್ತೆರಡರ ಅಕ್ಟೋಬರಿನಲ್ಲಿ ಹೆಂಗಸರನ್ನ ಪಡೆಗೆ ಕರೆದರಲ್ಲ, ಯಾರ್ಯಾರನ್ನ ಬಿಟ್ಟಿದ್ರು?"

"ಬಸುರಿಯರನ್ನ. ಮತ್ತೆ ಮೂರು ತುಂಬದ ಮಗು ಇರೋರನ್ನ. ಮೂರು ತುಂಬಿದ್ರೆ ಮಗು ಯಾರಿಗೋ ಬಿಟ್ಟು ಹೋಗ್ಬೇಕಿತ್ತು." ಅವರು ಕನ್ನಡಕದ ಮೇಲಿಂದ ನೋಡಿದರು. "ಯಾಕೆ, ಯಾರ ಕಡತ ಅದು?"

ರೆಗೀನಾ ಬೆರಳು ಮಡಚಿ ಎಣಿಸಿದಳು. ಆ ಅಕ್ಟೋಬರಿಗೆ ಹುಲ್ಡಾಗೆ ಮೂರು ವರ್ಷ ನಾಲ್ಕು ತಿಂಗಳು. ಹುಲ್ಡಾಳ ತಾಯಿಯಾಗಿದ್ದರೆ ಪೌಲೀನಾ ಅವತ್ತೇ ಹೋಗಬೇಕಿತ್ತು. ಅಮಾಲಿಯಾಳ ತಾಯಿಯಾದರೆ ಇನ್ನೂ ಹದಿನಾಲ್ಕು ತಿಂಗಳು ಉಳಿಯಬಹುದಿತ್ತು. ಹಸಿದು ಬತ್ತಿದ ಮೂರು ವರ್ಷದ ಮಗು ಎರಡು ವರ್ಷದ್ದರ ಹಾಗೆ ಕಾಣುವುದು ಕಷ್ಟವೇನಲ್ಲ. ಮಗು ಬಾಯಿ ಬಿಡಬಾರದು, ಅಷ್ಟೇ.

ನಿನ್ನ ಹೆಸರೇನು? ಹುಲ್ಡಾ ಎಲ್ಲಿ?

ದುಃಖದ ಮಾತಾಗಿರಲಿಲ್ಲ ಅದು. ಪಾಠವಾಗಿತ್ತು. ಠಾಣೆಯವನು ಬಂದು ಕೇಳಿದರೆ ಮಗು ತಡವರಿಸದೆ ಹೇಳಲಿ ಅಂತ ರೊಟ್ಟಿ ತೋರಿಸಿ ಕಲಿಸಿದ ಪಾಠ. ಸುಳ್ಳು ಹೊರಬಿದ್ದರೆ ಜೈಲು. ಪೌಲೀನಾ ಹೀಗೆ ಎರಡು ಚಳಿಗಾಲ ಸಂಪಾದಿಸಿದಳು, ಮಗಳು ಬದುಕಿದಳು. ನಿಜ ಹೇಳುವಷ್ಟು ಮಗಳು ದೊಡ್ಡವಳಾಗುವ ಮುಂಚೆ ತಾಯಿ ಇಲ್ಲವಾದಳು. ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲ.

"ನಮ್ಮ ಓಮಾಳದ್ದು," ಎಂದಳು ರೆಗೀನಾ. ಕಾಗದಗಳನ್ನು ಲಕೋಟೆಗೆ ತುರುಕಿ ಎದ್ದಳು. ಕೋಟಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಮನೆಯವರೆಗೂ ನಡೆದೇ ಬಂದಳು.

ಅವತ್ತಿನಿಂದ ಹನ್ನೊಂದು ದಿನ. ಓಮಾಳೇ ಹುಲ್ಡಾ; ಎಪ್ಪತ್ತು ವರ್ಷ ಹಚ್ಚಿದ ಚಿಕ್ಕ ಬತ್ತಿ ಅವಳು ತನಗೇ ಹಚ್ಚಿಕೊಂಡದ್ದು. ಈಗ ಆ ಸುಳ್ಳನ್ನೇ ಕಲ್ಲಿನಲ್ಲೂ ಕೆತ್ತಿಸಲು ಹೊರಟಿದ್ದಾಳೆ. ಇದರ ಜೊತೆಗೆ ಬೇರೆಯವರಿಗೆ ಹೇಳಲು ನಾಚಿಕೆಯಾಗುವ ಇನ್ನೊಂದು ಭಯ ರೆಗೀನಾಗೆ. ಮಗಳಿಗೆ ತಾನು ಇಟ್ಟದ್ದು ಎಂಬತ್ತು ದಾಟಿ ಬದುಕಿರುವ ಓಮಾಳ ಹೆಸರಲ್ಲ, ಒಂಬತ್ತು ತಿಂಗಳಿಗೆ ಸತ್ತ ಕೂಸಿನ ಹೆಸರು. ಮಾಲಿಗೆ ಈಗ ಒಂಬತ್ತು ತಿಂಗಳು. ಒಂದು ಸಲ ಕೆಮ್ಮಿದರೆ ಸಾಕು, ರೆಗೀನಾ ಜ್ವರ ನೋಡುವ ಕಡ್ಡಿ ಹಿಡಿದು ಓಡುತ್ತಿದ್ದಳು.

ಶುಕ್ರವಾರ ಅತ್ತೆ ಹಿಡಿದು ಕೂರಿಸಿ ಕೇಳಿದರು. ಹೇಳದೆ ವಿಧಿಯಿರಲಿಲ್ಲ, ಹೇಳಿದಳು. ಜಿನೈದಾ ಮೂರು ಕಾಗದವನ್ನೂ ದೂರ ಹಿಡಿದು ಓದಿದರು. ಆಮೇಲೆ ಮೇಜಿನ ಮೇಲೆ ಬೋರಲು ಹಾಕಿದರು.

"ನನ್ನ ಕೇಳಿದ್ರೆ, ಒಲೆಗೆ ಹಾಕು. ಮುದುಕಿ ನೆಮ್ಮದಿಯಾಗಿ ಇರ್ಲಿ."

"ಅವಳ ಹೆಸರು ಅವಳಿಗೆ ಬೇಡ್ವಾ ಅಮ್ಮ?"

"ಈ ವಯಸ್ಸಲ್ಲಿ ಹೊಸ ಹೆಸರು ಇಟ್ಕೊಂಡು ಏನು, ಮದುವೆಗೆ ಹೊರಡ್ತಾಳಾ? ಮತ್ತೆ ನೀನು ಮಗೂನ ಗಂಟೆಗೆ ನಾಲ್ಕು ಸಲ ಎಬ್ಬಿಸಿ ಎಬ್ಬಿಸಿ ನೋಡೋದು ಇದಕ್ಕೇನಾ? ಹೆಸರಿಂದ ಯಾರೂ ಸತ್ತಿಲ್ಲ ಕಣೇ. ನಿದ್ದೆ ಇಲ್ದೆ ಸಾಯ್ತೀರ, ನೀನೂ ಅದೂ."

ಅಷ್ಟರಲ್ಲಿ ಫೋನಿಗೆ ಓಮಾ ದನಿಯ ಸಂದೇಶ ಬಂತು. ಯಾರೋ ಪಕ್ಕದ ಮನೆಯವರು ಕಳಿಸಲು ಹೇಳಿಕೊಟ್ಟಿರಬೇಕು, ಓಮಾ ಕಿರುಚಿ ಮಾತಾಡಿದ್ದಳು. "ಪುಟ್ಟೀ, ನಾನು ಕಣೇ. ಕೆಲಸ ಜಾಸ್ತಿ ಅಂತ ಗೊತ್ತು. ಕಲ್ಲಿನವನು ನಾಳೆ ಬರ್ತಾನೆ. ತಾರೀಖು ಸಿಗ್ದಿದ್ರೆ ಪರವಾಗಿಲ್ಲ ಬಿಡು. ಹುಲ್ಡಾ, ದಾರಿಯಲ್ಲಿ ತೀರಿಕೊಂಡಳು ಅಂತ ಅಷ್ಟೇ ಕೆತ್ತು ಅಂತೀನಿ. ಮಗೂಗೆ ಒಂದು ಮುತ್ತು."

ಜಿನೈದಾ ಕಿಟಕಿಯ ಕಡೆ ತಿರುಗಿದರು. ಮಾಲಿ ನೆಲದ ಮೇಲೆ ಕೂತು ಚಮಚದಿಂದ ಪಾತ್ರೆ ಬಡಿಯುತ್ತಿತ್ತು. ರೆಗೀನಾ ಅದನ್ನು ಎತ್ತಿಕೊಂಡಳು. ಒಂಬತ್ತು ತಿಂಗಳ ಮಗುವಿನ ಭಾರ ಎಷ್ಟೆಂದು ಅವಳ ಸೊಂಟಕ್ಕೆ ಗೊತ್ತು. ಇಷ್ಟು ಭಾರವನ್ನು ಪೌಲೀನಾ ಯಾವುದೋ ಕವಲಿನಲ್ಲಿ ಯಾರದೋ ಕೈಗೆ ಕೊಟ್ಟು ಮತ್ತೆ ಡಬ್ಬಿ ಹತ್ತಿದಳು. ಮುಂದಿನ ವರ್ಷ, ಬದುಕಿರುವವಳನ್ನು ಉಳಿಸಿಕೊಳ್ಳಲು, ಸತ್ತವಳು ಬದುಕಿದ್ದಾಳೆ ಎಂದು ಸಹಿ ಹಾಕಿದಳು. ಆಮೇಲೆ ಅಮಾಲಿಯಾಗಾಗಿ ಅಳುವ ಹಾಗೂ ಇರಲಿಲ್ಲ. ನಾಲ್ಕು ಜನರೆದುರು ಅತ್ತಿದ್ದರೆ ಹುಲ್ಡಾಗೆ ಅಳಬೇಕಿತ್ತು, ಹುಲ್ಡಾ ಅಲ್ಲೇ ಲಂಗ ಹಿಡಿದು ನಿಂತಿದ್ದಳು. ಹಾಗಾದರೆ ಆ ಕೂಸಿಗಾಗಿ ಅತ್ತವರು ಯಾರು? ಯಾರೂ ಇಲ್ಲ. ಒಂದು ಬತ್ತಿಯಿಲ್ಲ, ಪಾದ್ರಿಯ ಬಾಯಲ್ಲಿ ಒಂದು ಸಲ ಹೆಸರಿಲ್ಲ. ನಾಳೆ ಕಲ್ಲು ಕೆತ್ತಿದರೆ ಮುಂದೆಯೂ ಇಲ್ಲ.

"ಅಮ್ಮ, ಇದನ್ನ ಸ್ವಲ್ಪ ಹಿಡ್ಕೊಳ್ಳಿ," ಎಂದು ಮಗುವನ್ನು ಅತ್ತೆಯ ತೊಡೆಗೆ ಕೊಟ್ಟು, ಫೋನು ತೆಗೆದುಕೊಂಡಳು. ಮಧ್ಯಾಹ್ನ ಎರಡು ಗಂಟೆ. ಅಲ್ಲಿ ನಾಲ್ಕು.

"ಯಾರು, ಪುಟ್ಟೀನಾ? ಬದುಕಿದ್ದೀಯಲ್ಲ, ಸಂತೋಷ."

"ಓಮಾ, ಕೂತಿದ್ದೀಯಾ?"

"ಆಲೂಗಡ್ಡೆ ಸುಲೀತಿದ್ದೀನಿ. ಕೂತೇ ಸುಲಿಯೋದು ನಾನು, ಕುಣ್ಕೊಂಡಲ್ಲ. ಏನು, ಮಗೂಗೆ ಹುಷಾರಿಲ್ವಾ?"

"ಮಗು ಚೆನ್ನಾಗಿದೆ. ಮಾತ್ರೆ ತಗೊಂಡ್ಯಾ?"

"ತಗೊಂಡೆ, ತಗೊಂಡೆ. ತಾರೀಖು ಸಿಕ್ತಾ ಹೇಳು."

"ಸಿಕ್ತು. ಮೂವತ್ತೊಂಬತ್ತು, ಜೂನ್ ಆರು."

"ಜೂನ್!" ಓಮಾಳ ದನಿ ಅರಳಿತು. "ಹುಲ್ಲು ಕೊಯ್ಯೋ ಕಾಲದ ಮಗು. ತಡಿ, ಪೆನ್ಸಿಲ್ಲು ತರ್ತೀನಿ. ಇಷ್ಟು ದಿನ ಯಾಕೆ ಬಚ್ಚಿಟ್ಕೊಂಡಿದ್ಯೇ ಇದನ್ನ?"

"ಓಮಾ." ರೆಗೀನಾ ಗೋಡೆಗೆ ಒರಗಿದಳು. "ದಾರೀಲಿ ಸತ್ತದ್ದು ಹುಲ್ಡಾ ಅಲ್ಲ."

ರೆಗೀನಾ ಮೂರೂ ಕಾಗದವನ್ನು ಓದಿದಳು, ಇದ್ದದ್ದು ಇದ್ದ ಹಾಗೆ, ಒಂದು ಅಕ್ಷರ ಕೂಡಿಸದೆ ಬಿಡದೆ. ಮೂರು ತುಂಬದ ಮಕ್ಕಳ ತಾಯಂದಿರ ವಿಷಯ ಹೇಳಿದಳು. ಅದು ಯಾಕೆ ಅಂತ ಹೇಳಬೇಕಾಗಿ ಬರಲಿಲ್ಲ. ಚಾಕು ಮೇಜಿನ ಮೇಲೆ ಇಟ್ಟ ಸದ್ದು ಕೇಳಿಸಿತು.

"ಒಂದು ಸಲ ತಪ್ಪು ಹೇಳಿದೆ," ಎಂದಳು ಓಮಾ. "ಯಾರಿಗೂ ಹೇಳಿಲ್ಲ ಇದನ್ನ. ಹುಲ್ಡಾ ಎಲ್ಲಿ ಅಂದಾಗ, ಇಲ್ಲೇ ಇದ್ದಾಳೆ ಅಂದೆ. ಅಮ್ಮ ಕೆನ್ನೆಗೆ ಹೊಡೆದಳು. ಸತ್ತ ಅಕ್ಕನ ಬಗ್ಗೆ ಹುಡುಗಾಟ ಆಡಿದೆ, ಅದಕ್ಕೇ ಹೊಡೆದಳು ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ."

"ಓಮಾ, ಎದೆ ನೋಯ್ತಿದೆಯಾ? ಪಕ್ಕದ ಮನೆಯವರನ್ನ ಕರೀಲಾ?"

"ಯಾರನ್ನೂ ಕರೀಬೇಡ." ಉಸಿರು ಎಳೆದುಕೊಂಡಳು. "ಅದನ್ನ ಹೂತಿದ್ರಾ? ಆ ಚಿಕ್ಕದನ್ನ?"

"ಬರೆದಿಲ್ಲ ಓಮಾ. ಇಳಿಸಲಾಗಿದೆ ಅಂತ ಅಷ್ಟೇ ಇದೆ."

"ಯಾವ ಊರಲ್ಲಿ?"

"ಊರಲ್ಲ. ಬಯಲಲ್ಲಿ ಹಳಿ ಕವಲು ಒಡೆಯೋ ಜಾಗ. ಹೆಸರಿಲ್ಲ, ನಂಬರು ಮಾತ್ರ."

"ನಂಬರೇ ಹೇಳು. ಕಲ್ಲಿನವನಿಗೆ ಕೊಡ್ಬೇಕಲ್ಲ ನಾಳೆ. ನಿಧಾನಕ್ಕೆ ಹೇಳು, ಬರ್ಕೋತೀನಿ."

"ತೊಂಬತ್ತೇಳು."

"ಅಮಾಲಿಯಾ," ಎಂದು ಬರೆಯುತ್ತಾ ಒಂದೊಂದೇ ಅಕ್ಷರ ಹೇಳಿಕೊಂಡಳು ಓಮಾ, ತನ್ನ ಹೆಸರನ್ನು ಮೊದಲ ಸಲ ಬರೆಯುವವರ ಹಾಗೆ. "ಒಂಬತ್ತು ತಿಂಗಳು. ತೊಂಬತ್ತೇಳನೇ ಕವಲು." ಪೆನ್ಸಿಲ್ಲು ನಿಂತಿತು. ಆಮೇಲೆ ಅವಳು ಅಳತೊಡಗಿದಳು. ರೆಗೀನಾ ಸಮಾಧಾನ ಹೇಳಲಿಲ್ಲ, ಫೋನು ಇಡಲೂ ಇಲ್ಲ.